ಪಕ್ಕದ ಬೆಡ್ಡಿನವರು ಆಗಲೇ ನಡೆಯುತ್ತಿದ್ದಾರೆ, ನಮ್ಮವರು ಯಾಕಿಲ್ಲ?

ಈ ಸಲದ ಪ್ರಶ್ನೆಗಳೆಲ್ಲ ಸ್ಟ್ರೋಕ್ ಬಗ್ಗೆ, ಊರ ಕಡೆ ಲಕ್ವ ಅಂತೀವಲ್ಲ, ಅದೇ. ಹೆಚ್ಚಿನ ಪತ್ರಗಳು ಐಸಿಯು ದಾಟಿ ರಿಹ್ಯಾಬ್ ವಾರ್ಡಿಗೆ, ಅಂದರೆ ನಡೆಯುವುದು, ಮಾತು ಇವನ್ನೆಲ್ಲ ಮತ್ತೆ ರೂಢಿ ಮಾಡಿಸುವ ವಾರ್ಡಿಗೆ ಬಂದವರ ಮನೆಯವರದು. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದಾಗಿ ಉತ್ತರಿಸಿದ್ದೇನೆ. ಸ್ಕ್ಯಾನ್ ಫೋಟೊ ಕಳಿಸಿ "ಎಷ್ಟು ದಿನಕ್ಕೆ ನಡೀತಾರೆ ಹೇಳಿ" ಅಂದವರು ಬೇಜಾರು ಮಾಡಿಕೊಳ್ಳಬೇಡಿ. ರೋಗಿಯನ್ನು ನೋಡದೆ ಬರೀ ಫೋಟೊ ನೋಡಿ ಭವಿಷ್ಯ ಹೇಳುವ ವಿದ್ಯೆ ನನಗೆ ಬರುವುದಿಲ್ಲ.

ಪ್ರಶ್ನೆ: ನಮ್ಮಪ್ಪನಿಗೆ 61 ವರ್ಷ. ಬಿಪಿ ಜಾಸ್ತಿಯಾಗಿ ಮೆದುಳಿನಲ್ಲಿ ಬ್ಲೀಡಿಂಗ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮೂರು ವಾರ ಆದಮೇಲೆ ರಿಹ್ಯಾಬ್‌ಗೆ ಬಂದೆವು. ಪಕ್ಕದ ಬೆಡ್ಡಿನವರಿಗೆ ಬ್ಲಾಕ್ ಆಗಿದ್ದಂತೆ. ನಮಗಿಂತ ಆಮೇಲೆ ಬಂದರು, ಆಗಲೇ ವಾಕರ್ ಹಿಡಿದು ಓಡಾಡುತ್ತಿದ್ದಾರೆ. ಅಪ್ಪನನ್ನು ಕೂರಿಸೋಕೂ ಇಬ್ಬರು ಬೇಕು. "ಬ್ಲೀಡಿಂಗ್ ಆದವರು ನಿಧಾನವಾಗಿ ಆದರೂ ಚೆನ್ನಾಗಿ ಚೇತರಿಸಿಕೊಳ್ತಾರೆ" ಅಂತ ಅಲ್ಲಿನ ಡಾಕ್ಟರ್ ಹೇಳಿದರು. ಇದು ನಿಜವಾ, ಸುಮ್ನೆ ಸಮಾಧಾನಕ್ಕೆ ಹೇಳಿದ್ದಾ?
— ಓದುಗರು, ತುಮಕೂರು

ಉತ್ತರ: ಸುಮ್ನೆ ಹೇಳಿದ್ದಲ್ಲ. ಆದರೆ ಆ ಮಾತಿಗೆ ಇನ್ನೊಂದು ಅರ್ಧ ಇದೆ, ಅದನ್ನೂ ಕೇಳಿಸಿಕೊಳ್ಳಿ.

ಬ್ಲಾಕ್ ಆದಾಗ, ಅಂದರೆ ರಕ್ತನಾಳ ಮುಚ್ಚಿಕೊಂಡಾಗ, ರಕ್ತ ಸಿಗದ ಮೆದುಳಿನ ಭಾಗ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ, ಅಕ್ಕಪಕ್ಕದ ಭಾಗಗಳು ಅದರ ಕೆಲಸವನ್ನು ಕಲಿಯಬೇಕು. ಬ್ಲೀಡಿಂಗ್‌ನಲ್ಲೂ ಒಂದಷ್ಟು ಭಾಗ ಸಾಯುತ್ತದೆ, ಆದರೆ ಇನ್ನೊಂದಷ್ಟು ಭಾಗ ಹೆಪ್ಪುಗಟ್ಟಿದ ರಕ್ತದ ಮತ್ತು ಸುತ್ತಲಿನ ಊತದ ಒತ್ತಡಕ್ಕೆ ಸಿಕ್ಕಿ ಕೆಲಸ ನಿಲ್ಲಿಸಿರುತ್ತದೆ, ಅಷ್ಟೆ. ಆ ರಕ್ತವನ್ನು ದೇಹ ವಾರಗಟ್ಟಲೆ ತಗೊಂಡು ಕರಗಿಸುತ್ತದೆ. ಒತ್ತಡ ಇಳಿದ ಹಾಗೆ ಬದುಕಿದ್ದ ಭಾಗ ಮತ್ತೆ ಕೆಲಸಕ್ಕೆ ಬರುತ್ತದೆ. ಮೂರನೇ ವಾರದಲ್ಲಿ ಮರದ ಕೊರಡಿನ ಹಾಗಿದ್ದ ಕಾಲು ಏಳನೇ ವಾರದಲ್ಲಿ ಅಲ್ಲಾಡಿದರೆ ಅದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಲೆಕ್ಕವೂ ಇದೆ. ಅಮೆರಿಕದಲ್ಲಿ ರಿಹ್ಯಾಬ್ ಆಸ್ಪತ್ರೆ ಸೇರಿದ 1,064 ಜನರನ್ನು ನೋಡಿದ ಒಂದು ಅಧ್ಯಯನ 2003ರಲ್ಲಿ ಬಂತು. ಅವರು ಅಳೆದದ್ದು ಎಫ್‌ಐಎಂ ಅನ್ನುವ ಅಂಕಪಟ್ಟಿಯಲ್ಲಿ. ಊಟ, ಸ್ನಾನ, ಬಟ್ಟೆ, ಕಕ್ಕಸು, ಮೆಟ್ಟಿಲು, ನೆನಪು ಹೀಗೆ 18 ಕೆಲಸ, ಒಂದೊಂದಕ್ಕೆ 1ರಿಂದ 7 ಅಂಕ, ಒಟ್ಟು 126. ಸೇರುವಾಗ ಬ್ಲಾಕ್ ಆದವರದು ಸರಾಸರಿ 59, ಬ್ಲೀಡಿಂಗ್ ಆದವರದು 51. ಹೊರಡುವಾಗ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಬ್ಲೀಡಿಂಗ್‌ನವರು 28 ಅಂಕ ಏರಿದ್ದರು, ಬ್ಲಾಕ್‌ನವರು 23. ತುಂಬಾ ಕೆಳಗಿನಿಂದ ಶುರು ಮಾಡಿದವರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತ್ತು.

ಈಗ ಇನ್ನರ್ಧ. ಬ್ಲೀಡಿಂಗ್‌ನಲ್ಲಿ ಮೊದಲ ತಿಂಗಳ ಸಾವು ಜಾಸ್ತಿ. ತೀರಾ ಕೆಟ್ಟದಾಗಿ ಆದವರು ರಿಹ್ಯಾಬ್ ವಾರ್ಡಿನವರೆಗೆ ಬರುವುದೇ ಇಲ್ಲ, ಹಾಗಾಗಿ ಅಲ್ಲಿ ಕಾಣುವವರು ಒಂದು ದೊಡ್ಡ ಗಂಡಾಂತರ ದಾಟಿ ಬಂದವರು, ಅವರ ಏರಿಕೆ ಚೆನ್ನಾಗಿ ಕಾಣುವುದಕ್ಕೆ ಅದೂ ಒಂದು ಕಾರಣ ಇರಬಹುದು. ಇನ್ನೊಂದು ವಿಷಯ, ಬ್ಲಾಕೋ ಬ್ಲೀಡಿಂಗೋ ಅನ್ನುವುದಕ್ಕಿಂತ ಎಲ್ಲಿ ಆಯಿತು, ಎಷ್ಟು ದೊಡ್ಡದು, ಮೊದಲ ದಿನ ಎಷ್ಟು ಕೆಟ್ಟಿತ್ತು, ವಯಸ್ಸೆಷ್ಟು ಅನ್ನುವುದೇ ಹೆಚ್ಚು ಹೇಳುತ್ತದೆ. ಪಕ್ಕದ ಬೆಡ್ಡಿನವರ ಡಿಸ್ಚಾರ್ಜ್ ಚೀಟಿಯಲ್ಲಿ ಬಹುಶಃ "ಲ್ಯಾಕುನಾರ್" ಅಂತ ಇರುತ್ತದೆ, ನನ್ನ ಊಹೆ ಅಷ್ಟೆ. ಅಂದರೆ ಮೆದುಳಿನ ಒಳಗಿನ ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡಿದ್ದು. ಕೈಕಾಲು ಪೂರ್ತಿ ಬಿದ್ದರೂ ಬುದ್ಧಿ, ಮಾತು ನೆಟ್ಟಗಿರುತ್ತವೆ, ಸಾಮಾನ್ಯವಾಗಿ ಬೇಗ ಏಳುತ್ತಾರೆ. ಅದೇ ದೊಡ್ಡ ರಕ್ತನಾಳ ಮುಚ್ಚಿ ಮೆದುಳಿನ ಅರ್ಧ ಭಾಗ ಹೋಗಿದ್ದರೆ ಅದೂ ಬ್ಲಾಕೇ, ಆದರೆ ಕಥೆ ಬೇರೆ.

ಹಾಗಾಗಿ ಪಕ್ಕದ ಬೆಡ್ ನೋಡಬೇಡಿ. ಅಪ್ಪನ ಹೋದ ವಾರವನ್ನೂ ಈ ವಾರವನ್ನೂ ಪಕ್ಕದಲ್ಲಿಟ್ಟು ನೋಡಿ. ಮುಖ್ಯವಾಗಿ ಕೂರುವುದನ್ನು. ಹಾಲೆಂಡಿನ ಒಂದು ಅಧ್ಯಯನದಲ್ಲಿ, ಮೊದಲ 72 ಗಂಟೆಯೊಳಗೆ ಆಸರೆ ಇಲ್ಲದೆ 30 ಸೆಕೆಂಡ್ ಕೂತವರು, ಜೊತೆಗೆ ಕಾಲಿನಲ್ಲಿ ಸ್ವಲ್ಪ ಬಲ ಇದ್ದವರು, ಹೆಚ್ಚು ಕಡಿಮೆ ಎಲ್ಲರೂ 6 ತಿಂಗಳಿಗೆ ತಾವೇ ನಡೆದರು. ಗಾಬರಿಯಾಗಬೇಡಿ, ಅದು ಬ್ಲಾಕ್ ಆದವರ ಮೇಲೆ ಮಾತ್ರ ಮಾಡಿದ ಅಧ್ಯಯನ, ಆ 72 ಗಂಟೆಯ ಗೆರೆಯನ್ನು ನಿಮ್ಮಪ್ಪನಿಗೆ ಎಳೆಯುವ ಹಾಗಿಲ್ಲ. ಆದರೆ ಕೂರುವುದು ನಡೆಯುವುದಕ್ಕಿಂತ ಮುಂಚಿನ ಪಾಠ ಅನ್ನುವುದು ಎಲ್ಲರಿಗೂ ಒಂದೇ. ಇಬ್ಬರು ಹಿಡಿಯುತ್ತಿದ್ದುದು ಒಬ್ಬರಾದರೆ ಅದು ಏರಿಕೆ, ಬರೆದಿಡಿ. ಬಿಪಿ ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು. ಮಸಾಜ್ ಎಣ್ಣೆ ತಂದುಕೊಟ್ಟ ನೆಂಟರು "ಇಂಗ್ಲಿಷ್ ಮಾತ್ರೆ ಬಿಡಿ" ಅಂದರೆ, ಎಣ್ಣೆ ಇಸ್ಕೊಂಡು ನೆಂಟರನ್ನು ಕಳಿಸಿಬಿಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 54. ಬಲ ಮೆದುಳಿಗೆ ಸ್ಟ್ರೋಕ್ ಆಗಿ ಎಡಗಡೆ ಬಿದ್ದಿದೆ. ಮಾತು ಸ್ಪಷ್ಟ, ಅಂಗಡಿ ಲೆಕ್ಕ ಎಲ್ಲ ನೆನಪಿದೆ. ಆದರೆ "ನನಗೇನಾಗಿದೆ, ಮನೆಗೆ ನಡಿ" ಅಂತ ದಿನಾ ಜಗಳ. ಅವರ ಎಡಗೈ ತೋರಿಸಿ ಯಾರದು ಅಂದರೆ "ನಿಂದೇ ಇರಬೇಕು" ಅಂತಾರೆ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಬಿಟ್ಟು ಇನ್ನೂ ಹಸಿವು ಅಂತಾರೆ. ತಲೆ ಕೆಟ್ಟಿದೆಯಾ ಡಾಕ್ಟ್ರೇ? ನಾಟಕ ಮಾಡ್ತಾರೆ ಅಂತ ನಮ್ಮ ಮೈದುನ ಬೈತಾರೆ.
— ಓದುಗರು, ದಾವಣಗೆರೆ

ಉತ್ತರ: ತಲೆಯೂ ಕೆಟ್ಟಿಲ್ಲ, ನಾಟಕವೂ ಅಲ್ಲಮ್ಮ. ಬಲ ಮೆದುಳಿನ ಸ್ಟ್ರೋಕ್‌ನಲ್ಲಿ ಇದು ತುಂಬಾ ಕಾಣುತ್ತದೆ. ಅವರ ಕಣ್ಣು ಚೆನ್ನಾಗಿದ್ದರೂ ಎಡಗಡೆ ಅನ್ನುವುದೊಂದಿದೆ ಎಂದು ಮೆದುಳು ಗಮನಿಸುತ್ತಿಲ್ಲ. ವೈದ್ಯರು ಇದಕ್ಕೆ ನೆಗ್ಲೆಕ್ಟ್ ಅನ್ನುತ್ತಾರೆ. ತಟ್ಟೆಯಲ್ಲಿ ಬಿಟ್ಟದ್ದು ಎಡ ಅರ್ಧವೇ ಇರುತ್ತದೆ ನೋಡಿ. ಬಾಳೆಎಲೆಯಲ್ಲಿ ಬಡಿಸಿದರೆ ಎಡತುದಿಯ ಉಪ್ಪು, ಉಪ್ಪಿನಕಾಯಿ ಮುಟ್ಟುವುದೇ ಇಲ್ಲ, ಸಾರು ಸಪ್ಪೆ ಅಂತ ನಿಮ್ಮ ಮೇಲೆ ರೇಗುತ್ತಾರೆ! ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, ಉಳಿದದ್ದೂ ಖಾಲಿಯಾಗುತ್ತದೆ. ತನಗೆ ಕಾಯಿಲೆ ಆಗಿದೆ ಎಂದೇ ಗೊತ್ತಾಗದಿರುವುದು ಇದರ ಜೊತೆಗೇ ಬರುವ ಇನ್ನೊಂದು ತೊಂದರೆ.

ನಾನು ಇದನ್ನು ಕೈಕಾಲು ಬಿದ್ದಿದ್ದಕ್ಕಿಂತ ದೊಡ್ಡ ಅಡ್ಡಿ ಅಂತ ಎಣಿಸುತ್ತೇನೆ. ಮಾತು ಹೋದವರನ್ನು ಕಂಡು ಮನೆಯವರು ಅಳುತ್ತಾರೆ, ಮಾತು ನೆಟ್ಟಗಿರುವ ಇಂಥವರನ್ನು ಕಂಡು "ಪರವಾಗಿಲ್ಲ, ಚೆನ್ನಾಗಿದ್ದಾರೆ" ಅಂದುಕೊಳ್ಳುತ್ತಾರೆ. ಕಾಲಿನ ಬಲ ಒಂದೇ ಇರುವ ಇಬ್ಬರಲ್ಲಿ ನೆಗ್ಲೆಕ್ಟ್ ಇರುವವರು ವಾರ್ಡಿನಲ್ಲಿ ಹೆಚ್ಚು ದಿನ ಇರಬೇಕಾಗುತ್ತದೆ, ಬೀಳುವುದೂ ಹೆಚ್ಚು. ವೀಲ್‌ಚೇರಿನ ಬಲ ಬ್ರೇಕ್ ಹಾಕಿ ಎಡ ಬ್ರೇಕ್ ಮರೆತು ಏಳಲು ಹೋಗಿ ಬೀಳುವವರು ಇವರೇ. ತನಗೇನೂ ಆಗಿಲ್ಲ ಅಂದುಕೊಂಡವರು ರಾತ್ರಿ ಒಬ್ಬರೇ ಎದ್ದು ಬಾತ್‌ರೂಮಿಗೆ ಹೊರಡುತ್ತಾರೆ, ಅದಕ್ಕೇ ರಾತ್ರಿ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಮಾತಾಡಿಸುವಾಗ ಮೊದಲು ಬಲಗಡೆ ನಿಂತು ಅವರ ಗಮನ ಹಿಡಿಯಿರಿ, ಮಾತಾಡುತ್ತಲೇ ನಿಧಾನವಾಗಿ ಎಡಕ್ಕೆ ಸರಿಯಿರಿ, ಅವರ ಕಣ್ಣು, ತಲೆ ನಿಮ್ಮ ಹಿಂದೆ ಬರಲಿ. ತಟ್ಟೆಯ ಎಡ ಅಂಚಿಗೆ, ಪೇಪರಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, "ಕೆಂಪು ಸಿಗೋವರೆಗೂ ನೋಡಿ" ಅನ್ನಿ. ಸ್ನಾನ ಮಾಡಿಸುವಾಗ ಅವರ ಬಲಗೈಯಿಂದಲೇ ಎಡಗೈಗೆ ಸೋಪು ಹಚ್ಚಿಸಿ. ವಾದ ಮಾಡಬೇಡಿ, "ನಿಮ್ಮ ಕೈ ಬಿದ್ದಿದೆ ಒಪ್ಕೊಳ್ಳಿ" ಅಂತ ಹಟ ಹಿಡಿದರೆ ಉಪಯೋಗವಿಲ್ಲ. ಹಲವರಲ್ಲಿ ವಾರಗಳು, ತಿಂಗಳುಗಳು ಕಳೆದ ಹಾಗೆ ಇದು ಕಮ್ಮಿಯಾಗುತ್ತದೆ. ಸ್ಕೂಟರ್ ಕೀ ಮಾತ್ರ ಈಗಲೇ ಎತ್ತಿಡಿ. ವೈದ್ಯರು ಪರೀಕ್ಷೆ ಮಾಡಿ ಸರಿ ಅನ್ನುವವರೆಗೆ ಕೊಡಬೇಡಿ. ಈ ಉತ್ತರವನ್ನು ಮೈದುನನಿಗೂ ಓದಿಸಿ.

ಪ್ರಶ್ನೆ: ಅಮ್ಮನಿಗೆ 67. ಎಡ ಮೆದುಳಿನಲ್ಲಿ ಬ್ಲಾಕ್. ಕಾಲು ಸುಧಾರಿಸಿದೆ, ಮಾತಿಲ್ಲ. ಏನು ಕೇಳಿದರೂ "ಅಂದ್" ಅಂತಾರೆ (ನಾವು ತುಳುವರು). ಆದರೆ ಭಜನೆ ಹಾಕಿದರೆ ಜೊತೆಗೆ ಹಾಡ್ತಾರೆ! ಸ್ಪೀಚ್ ಥೆರಪಿ ಕನ್ನಡದಲ್ಲಿ ನಡೀತಿದೆ. ತುಳುವಿನಲ್ಲಿ ಮಾಡಿಸಬೇಕಿತ್ತಾ?
— ಓದುಗರು, ಪುತ್ತೂರು

ಉತ್ತರ: ಸಾಧ್ಯವಿದ್ದರೆ ತುಳುವಿನಲ್ಲೇ. ಅಮ್ಮ ನಾಳೆ ಮನೆಯಲ್ಲಿ ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕೋ ಅದೇ ಥೆರಪಿಯ ಭಾಷೆಯಾಗಲಿ. ದಕ್ಷಿಣ ಕನ್ನಡದಲ್ಲಿ ತುಳು ಬರುವ ಥೆರಪಿಸ್ಟ್‌ಗೆ ಬರವಿಲ್ಲ, ಕೇಳಿ ನೋಡಿ. ಸಿಗದಿದ್ದರೆ ಥೆರಪಿಯ ಹೊತ್ತಿಗೆ ನೀವು ಪಕ್ಕದಲ್ಲಿ ಕೂತು ಪದಗಳನ್ನು ತುಳುವಿಗೆ ತಿರುಗಿಸಿ. ಚಿಕ್ಕಂದಿನಿಂದ ಎರಡೂ ಆಡಿದವರಲ್ಲಿ ಒಂದು ಭಾಷೆಯಲ್ಲಿ ಕಲಿತದ್ದು ಇನ್ನೊಂದಕ್ಕೂ ಒಂದಿಷ್ಟು ಹರಿಯುತ್ತದೆ, ಹಾಗಾಗಿ ಇಲ್ಲಿಯವರೆಗಿನದು ದಂಡವಾಗಿಲ್ಲ.

ಹಾಡು ಬರುವುದಕ್ಕೆ ಕಾರಣ, ರಾಗಕ್ಕೆ ಬಲ ಮೆದುಳಿನ ಸಹಾಯ ಜಾಸ್ತಿ, ಮತ್ತು ಎಷ್ಟೋ ಸಲ ಹಾಡಿದ ಸಾಲು ತಾನಾಗಿಯೇ ಬಾಯಿಗೆ ಬರುತ್ತದೆ. ಒಂದು, ಎರಡು ಎಣಿಸುವುದು, ವಾರದ ಹೆಸರು ಹೇಳುವುದು, ಕೋಪದಲ್ಲಿ ಬೈಗುಳ ಬರುವುದು ಇದೇ ಕಾರಣಕ್ಕೆ. ಹಾಡಿದರು ಅಂತ ನಾಳೆ ಮಾತು ಬರುತ್ತದೆ ಅಂದುಕೊಳ್ಳಬೇಡಿ. ಆದರೆ ರಾಗ ಹಾಕಿ ಸಣ್ಣ ಸಣ್ಣ ಮಾತು ಹೇಳಿಸುವ ಪದ್ಧತಿ ಇದೆ, ಥೆರಪಿಸ್ಟ್‌ಗೆ ಕೇಳಿ.

ಅಮ್ಮನ "ಅಂದ್" ಯಾವಾಗಲೂ ಹೌದು ಅಲ್ಲ ಎಂದು ನಿಮಗೇ ಗೊತ್ತಾಗಿರಬೇಕು. "ಊಟ ಆಯ್ತಾ" ಅಂದರೂ ಅಂದ್, "ಊಟ ಆಗಿಲ್ವಾ" ಅಂದರೂ ಅಂದ್. ಹೀಗಾಗಿ ಎರಡು ವಸ್ತು ಎದುರಿಗಿಟ್ಟು ಕೈಯಲ್ಲಿ ತೋರಿಸಲು ಹೇಳಿ, ಚಾ ಲೋಟ ಇಲ್ಲಾ ನೀರಿನ ಲೋಟ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಆಮೇಲೆ ಕಾಯಿರಿ, ನಮಗೆ ತುಂಬಾ ಹೊತ್ತು ಅನ್ನಿಸುವಷ್ಟು ಕಾಯಿರಿ. ಜೋರಾಗಿ ಕೂಗಬೇಡಿ, ಅವರಿಗೆ ಕಿವಿ ಕೇಳುತ್ತದೆ. ಅವರೆದುರಿಗೇ "ಇವರಿಗೇನೂ ಅರ್ಥ ಆಗಲ್ಲ" ಅಂತ ನೆಂಟರಿಗೆ ಹೇಳುವುದನ್ನು ನಿಲ್ಲಿಸಿ. ಅಕ್ಷರ ಓದಲೂ ಕಷ್ಟವಾಗಿರುವುದರಿಂದ ಬರೆದು ತೋರಿಸಿದರೆ ಸಾಕು ಅಂದುಕೊಳ್ಳಬೇಡಿ, ಚಿತ್ರ ಬಳಸಿ. ಕಾಲಿಗಿಂತ ಮಾತಿಗೆ ಹೆಚ್ಚು ಕಾಲ ಬೇಕು, ವರ್ಷ ಕಳೆದ ಮೇಲೂ ಹೊಸ ಪದ ಬರುವುದುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಮೀಸಲು. ಡಿಸ್ಚಾರ್ಜ್ ಆದಮೇಲೆ ಒಮ್ಮೆ ಅಲ್ಲಿ ತೋರಿಸುವುದು ಒಳ್ಳೆಯದು.

ಪ್ರಶ್ನೆ: ಮಾವನವರಿಗೆ ಬ್ರೈನ್‌ಸ್ಟೆಮ್ ಸ್ಟ್ರೋಕ್. ಕೈಕಾಲು ಆಡುತ್ತವೆ, ನುಂಗೋಕೆ ಆಗಲ್ಲ, ಮೂಗಿಗೆ ಟ್ಯೂಬ್ ಹಾಕಿದ್ದಾರೆ. ನರ್ಸ್ ಇಲ್ಲದಾಗ ನಮ್ಮತ್ತೆ ಎಳನೀರು ಕುಡಿಸ್ತಾರೆ. ಕೆಮ್ಮೂ ಬರಲ್ಲ, ಸರಿಯಾಗೇ ಇಳೀತಿದೆ ಅಂತಾರೆ.
— ಓದುಗರು, ಶಿರಸಿ

ಉತ್ತರ: ಇವತ್ತೇ ನಿಲ್ಲಿಸಿ. ಕೆಮ್ಮು ಬರದಿರುವುದೇ ಭಯದ ವಿಷಯ. ಬ್ರೈನ್‌ಸ್ಟೆಮ್ ಅಂದರೆ ಮೆದುಳಿನ ಬುಡದಲ್ಲಿರುವ ಹೆಬ್ಬೆರಳಿನಷ್ಟು ದಪ್ಪದ ಜಾಗ, ನುಂಗುವುದು, ಕೆಮ್ಮುವುದು, ಉಸಿರಾಡುವುದು ಎಲ್ಲದರ ಹಿಡಿತ ಅಲ್ಲಿ ಒತ್ತೊತ್ತಾಗಿದೆ. ಗಂಟಲಿನ ಸ್ಪರ್ಶವೇ ಹೋಗಿದ್ದರೆ ಎಳನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ, ಎರಡು ದಿನ ಬಿಟ್ಟು ಜ್ವರ, ನ್ಯುಮೋನಿಯಾ ಬರುತ್ತದೆ. ನೀರು, ಕಾಫಿ, ಎಳನೀರಿನಂಥ ತೆಳು ಪದಾರ್ಥವೇ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಗಂಟಲು ಮುಚ್ಚಿಕೊಳ್ಳುವ ಮೊದಲೇ ಜಾರಿಬಿಡುತ್ತದೆ.

ಸ್ಪೀಚ್ ಥೆರಪಿಸ್ಟ್ ನುಂಗುವ ಪರೀಕ್ಷೆ ಮಾಡಿ ಯಾವ ಹದದ್ದು ಕೊಡಬಹುದು ಅಂತ ಹೇಳುತ್ತಾರೆ. ಸಾಮಾನ್ಯವಾಗಿ ರಾಗಿ ಮಣ್ಣಿಯಂಥ ಗಟ್ಟಿ ಹದದಿಂದ ಶುರು, ಚಮಚದಲ್ಲಿ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ. ಅತ್ತೆಯವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತಿದೆ, ಅದು ಸಹಜ. ಬಾಯಿ ಸ್ವಚ್ಛ ಮಾಡುವ ಕೆಲಸವನ್ನು ಅವರಿಗೆ ಒಪ್ಪಿಸಿ. ನ್ಯುಮೋನಿಯಾ ತಡೆಯುವುದರಲ್ಲಿ ಅದಕ್ಕೆ ನಿಜವಾದ ಪಾತ್ರವಿದೆ. ಇಂಥವರಲ್ಲಿ ಹಲವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ನುಂಗುವುದು ಮರಳುತ್ತದೆ.

ಪ್ರಶ್ನೆ: ತಂಗಿಗೆ 42 ವರ್ಷ. ಮೆದುಳಿನ ರಕ್ತನಾಳದ ಗುಳ್ಳೆ ಒಡೆದು ಆಪರೇಷನ್ ಆಯಿತು. ಎರಡು ತಿಂಗಳಾಯಿತು, ಕೈಕಾಲು ಚೆನ್ನಾಗಿವೆ, ನಡೀತಾಳೆ. ರಿಹ್ಯಾಬ್‌ನಲ್ಲಿ ಇನ್ನೂ ಇರಿ ಅಂತಾರೆ, ಯಾಕೆ? ಸದಾ ನಿದ್ದೆ, ಮರೆವು. ಸೋಮಾರಿತನ ಅನ್ನಿಸ್ತಿದೆ.
— ಓದುಗರು, ಬೆಂಗಳೂರು

ಉತ್ತರ: ಸೋಮಾರಿತನ ಅಲ್ಲ. ಇದು ಸ್ಟ್ರೋಕ್‌ನ ಮೂರನೇ ಬಗೆ, ಮೆದುಳಿನ ಹೊರಮೈ ಸುತ್ತ ರಕ್ತ ಹರಡಿದ್ದು. ಇದರಲ್ಲಿ ಕೈಕಾಲಿಗಿಂತ ನೆನಪು, ಗಮನ, ಯೋಜನೆ ಹಾಕುವ ಶಕ್ತಿ ಪೆಟ್ಟು ತಿನ್ನುತ್ತವೆ, ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ನಡೆಯುತ್ತಾಳೆ ಅಂತ ಮನೆಗೆ ಕರ್ಕೊಂಡು ಹೋದರೆ ಗ್ಯಾಸ್ ಹಚ್ಚಿಟ್ಟು ಮರೆಯುತ್ತಾಳೆ. ಅವರು ಇಟ್ಟುಕೊಂಡಿರುವುದು ಆ ಕೆಲಸಕ್ಕೆ.

ಆದರೆ ಒಂದು ಎಚ್ಚರ. ಸುಧಾರಿಸುತ್ತಿದ್ದವಳು ಇದ್ದಕ್ಕಿದ್ದಂತೆ ಮಂಕಾದರೆ, ಹೆಜ್ಜೆ ಎಳೆಯತೊಡಗಿದರೆ, ಮೂತ್ರ ತಡೆಯಲಾಗದಿದ್ದರೆ, ತಲೆನೋವು ಹೆಚ್ಚಿದರೆ ಸುಸ್ತು ಅಂತ ಬಿಡಬೇಡಿ. ಮೆದುಳಿನಲ್ಲಿ ನೀರು ತುಂಬಿಕೊಳ್ಳುವುದು ಈ ಬಗೆಯಲ್ಲಿ ಆಗುತ್ತಿರುತ್ತದೆ. ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ, ಆ ನೀರು ಹೊರಹರಿಸುವ ಕೊಳವೆ (ಶಂಟ್) ಹಾಕಿದರೆ ಸುಧಾರಿಸುತ್ತದೆ. "ಸದಾ ನಿದ್ದೆ" ಅಂತ ಬರೆದಿದ್ದೀರಿ, ಇದು ಮೊದಲಿನಿಂದಲೂ ಇದೆಯಾ, ಈಚೆಗೆ ಹೆಚ್ಚಾಯಿತಾ? ಈಚೆಗೆ ಅಂದರೆ ಇವತ್ತೇ ವೈದ್ಯರಿಗೆ ಹೇಳಿ.

ಪ್ರಶ್ನೆ: ದಿನದ ಖರ್ಚು ತಡೆಯೋಕಾಗ್ತಿಲ್ಲ. ಮೂರು ತಿಂಗಳಲ್ಲಿ ಆಗಬೇಕಾದ್ದು ಆಗದಿದ್ದರೆ ಮತ್ತೆ ಆಗಲ್ಲ ಅಂತಾರೆ, ಅದಕ್ಕೇ ಹೆದರಿ ಇಟ್ಟುಕೊಂಡಿದ್ದೀವಿ. ಎಷ್ಟು ದಿನ ಇರಬೇಕು? ನಾವೇ ಕಲಿತು ಮನೆಯಲ್ಲಿ ಮಾಡಿಸಿದರೆ ಸಾಲದಾ?
— ಓದುಗರು, ಗದಗ

ಉತ್ತರ: ಮೂರು ತಿಂಗಳ ಮಾತು ಬಂದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದು 1995ರಲ್ಲಿ ಪ್ರಕಟವಾದಂಥ ಅಧ್ಯಯನಗಳಿಂದ. ಅಲ್ಲಿ ದಿನನಿತ್ಯದ ಕೆಲಸಗಳ ಚೇತರಿಕೆ 100ರಲ್ಲಿ 95 ಜನರಲ್ಲಿ ಹನ್ನೆರಡೂವರೆ ವಾರದೊಳಗೆ ತನ್ನ ಮಟ್ಟ ಮುಟ್ಟಿತ್ತು. ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದೇ ಅಧ್ಯಯನದಲ್ಲಿ ಹಗುರವಾಗಿ ಆದವರಿಗೆ ಎರಡು ತಿಂಗಳು ಸಾಕಾದರೆ ತೀರಾ ಜೋರಾಗಿ ಆದವರಿಗೆ 20 ವಾರ ಬೇಕಾಯಿತು. ಅದಾದ ಮೇಲೂ ಬಾಗಿಲು ಮುಚ್ಚುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರ ಚೆನ್ನಾಗಿದ್ದ ಕೈಗೆ ಎರಡು ವಾರ ಕವಚ ಹಾಕಿ, ಬಿದ್ದ ಕೈಯಲ್ಲೇ ಕೆಲಸ ಮಾಡಿಸಿದರು, ಆ ಕೈ ಸುಧಾರಿಸಿತು. ಬೆರಳು, ಮಣಿಕಟ್ಟು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಈ ವಿಧಾನ, ಅದು ಬೇರೆ.

ಮನೆಯವರೇ ಸಾಲದಾ ಅನ್ನುವುದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದ್ದಾರೆ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಅರ್ಧ ಜನರ ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಇವರಿಗೂ ತರಬೇತಿ ಸಿಗದ ಉಳಿದರ್ಧ ಜನರಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಕಲಿಯಬೇಡಿ ಅಂತಲ್ಲ. ಬೆಡ್‌ನಿಂದ ಕುರ್ಚಿಗೆ ಎತ್ತುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು ಇವನ್ನು ಕಲಿಯದೆ ಮನೆಗೆ ಹೋದರೆ ಅನಾಹುತ. ಆದರೆ ಥೆರಪಿಸ್ಟ್ ಮಾಡುವ ಕೆಲಸಕ್ಕೆ ಇದು ಬದಲಿ ಅಲ್ಲ.

ದಿನಗಳನ್ನು ಎಣಿಸುವ ಬದಲು ಥೆರಪಿಯ ಗಂಟೆ ಎಣಿಸಿ. ಅಮೆರಿಕದಲ್ಲಿ ಒಳರೋಗಿ ರಿಹ್ಯಾಬ್‌ಗೆ ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ ಎಂಬ ಲೆಕ್ಕವಿದೆ. ನಿಮ್ಮವರಿಗೆ ದಿನಕ್ಕೆ ಅರ್ಧ ಗಂಟೆ ಫಿಸಿಯೊ, ಉಳಿದ ಹೊತ್ತು ಸೀಲಿಂಗ್ ನೋಡುವುದು ಆಗಿದ್ದರೆ ನೀವು ಕೊಡುತ್ತಿರುವುದು ಬೆಡ್ ಬಾಡಿಗೆ. ಅಂಥ ಕಡೆ ಇರುವುದಕ್ಕಿಂತ ಮನೆಗೆ ಹೋಗಿ ದಿನಾ ಥೆರಪಿಗೆ ಓಡಾಡುವುದು ವಾಸಿ. ಪ್ರತಿ ಸೋಮವಾರ "ಈ ವಾರದ ಗುರಿ ಏನು" ಅಂತ ಕೇಳಿ. ಮೂರು ವಾರ ಒಂದೇ ಉತ್ತರ ಬಂದರೆ ಹೊರಡುವ ಮಾತೆತ್ತಿ. ಸರ್ಕಾರದ ಕಡೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೇ ಬೇರೆ ರಿಹ್ಯಾಬ್ ವಿಭಾಗ ಇದೆ, ವಿಚಾರಿಸಿ.

ಒಂದೆರಡು ಸಾಲಿನ ಉತ್ತರಗಳು

ಬೇಗ ಸುಧಾರಿಸಲು ಮಾತ್ರೆ ಇದೆಯಾ ಅಂದವರಿಗೆ: ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಮಾತ್ರೆಯ ಮೇಲೆ ಬಹಳ ಆಸೆ ಇತ್ತು. ಬ್ರಿಟನ್ನಿನಲ್ಲಿ 3,127 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು, ಕೈಕಾಲಿನ ಚೇತರಿಕೆಗೆ ಉಪಯೋಗ ಕಾಣಲಿಲ್ಲ, ಮೂಳೆ ಮುರಿತ ಜಾಸ್ತಿಯಾಯಿತು. ಖಿನ್ನತೆ ಇದ್ದರೆ ಮಾತು ಬೇರೆ. ಸ್ಟ್ರೋಕ್ ಆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು.

"24 ಗಂಟೆಯೊಳಗೇ ಎಬ್ಬಿಸಿ ನಡೆಸಿಲ್ಲ, ಆಸ್ಪತ್ರೆಯವರು ತಪ್ಪು ಮಾಡಿದರು" ಅಂತ ಬರೆದ ಹಾಸನದವರಿಗೆ: ತಪ್ಪಲ್ಲ. 2015ರಲ್ಲಿ ಐದು ದೇಶಗಳ 2,104 ರೋಗಿಗಳ ಮೇಲಿನ ಅವರ್ಟ್ ಪ್ರಯೋಗದಲ್ಲಿ, ಮೊದಲ ದಿನವೇ ಮತ್ತೆ ಮತ್ತೆ ಎಬ್ಬಿಸಿ ಓಡಾಡಿಸಿದವರ ಫಲಿತಾಂಶವೇ ಸ್ವಲ್ಪ ಕಡಿಮೆಯಾಗಿತ್ತು. ಬೇಗ ಶುರು ಮಾಡಬೇಕು, ಆದರೆ ಮೊದಲ ದಿನ ಸ್ವಲ್ಪ ಸ್ವಲ್ಪವೇ.

ಬಿದ್ದ ಕೈಯ ಭುಜ ವಿಪರೀತ ನೋಯುತ್ತದೆ ಅಂದ ಚಿತ್ರದುರ್ಗದವರಿಗೆ: ಎಬ್ಬಿಸುವಾಗ ಆ ಕೈ ಹಿಡಿದು ಎಳೆಯುತ್ತಿದ್ದೀರಾ ನೋಡಿಕೊಳ್ಳಿ, ಕಂಕುಳಿಗೆ ಕೈ ಕೊಟ್ಟು ಎತ್ತುವುದೂ ಬೇಡ. ಸ್ನಾಯು ಸಡಿಲವಾದಾಗ ಕೈಯ ಭಾರಕ್ಕೇ ಭುಜದ ಕೀಲು ಕೆಳಗೆ ಜಾರಿರುತ್ತದೆ. ಸೊಂಟದ ಬೆಲ್ಟ್ ಹಿಡಿದು ಎತ್ತಿ. ಕೂತಾಗ ಕೈಯನ್ನು ದಿಂಬಿನ ಮೇಲಿಡಿ, ತೂಗಾಡಲು ಬಿಡಬೇಡಿ. ತಲೆಯ ಮೇಲೆ ರಾಟೆ ಕಟ್ಟಿ ಹಗ್ಗ ಎಳೆಸುವ ವ್ಯಾಯಾಮ ಈಗ ಬೇಡವೇ ಬೇಡ.